ಆಹಾರ ತ್ಯಾಜ್ಯದ ಕಿಣ್ವ ಸಂಸ್ಕರಣೆ

ಹಣ್ಣಿನ ಸಿಪ್ಪೆ, ತೌಡು, ಹಾಲೊಡಕು, ಮೀನಿನ ತಲೆ, ಸೀಗಡಿಯ ಚಿಪ್ಪು, ಮಾರಾಟವಾಗದ ಬ್ರೆಡ್ಡು, ಕರಿದು ಉಳಿದ ಎಣ್ಣೆ ಮೊದಲಾದ ಆಹಾರ ಶೇಷಗಳನ್ನು ಕಿಣ್ವಗಳಿಂದ ಒಡೆದು ಸಕ್ಕರೆ, ಪೆಪ್ಟೈಡ್, ಎಥನಾಲ್, ಜೈವಿಕ ಡೀಸೆಲ್, ವರ್ಣದ್ರವ್ಯಗಳಂಥ ಉಪಯುಕ್ತ ವಸ್ತುಗಳನ್ನಾಗಿ ಮಾರ್ಪಡಿಸುವ ತಂತ್ರಜ್ಞಾನ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಪ್ರಕಟಿಸಿದ ಆಹಾರ ತ್ಯಾಜ್ಯ ಸೂಚ್ಯಂಕ ವರದಿಯ ಪ್ರಕಾರ, 2022ರಲ್ಲಿ ಮನೆ, ಹೋಟೆಲು, ಅಂಗಡಿಗಳು ಸೇರಿ ಎಸೆದದ್ದು ಸುಮಾರು 105 ಕೋಟಿ ಟನ್. ಬಳಕೆದಾರರಿಗೆ ಲಭ್ಯವಿದ್ದ ಆಹಾರದಲ್ಲಿ ಇದು ಶೇ. 19ರಷ್ಟು. ಇದರಲ್ಲಿ ಶೇ. 60 ಬಂದದ್ದು ಮನೆಗಳಿಂದಲೇ. ಕೊಯ್ಲಿನ ನಂತರ, ಅಂಗಡಿ ಮುಟ್ಟುವ ಮೊದಲೇ ಹಾಳಾಗುವ ಶೇ. 13ರಷ್ಟು ಈ ಲೆಕ್ಕಕ್ಕೆ ಸೇರಿಲ್ಲ. ವ್ಯರ್ಥವಾಗಿ ಹೋಗುವ ಆಹಾರವನ್ನು ಬೆಳೆಯುವುದರಿಂದ ಹಿಡಿದು ಅದು ಕೊಳೆಯುವವರೆಗೆ ಹೊರಬೀಳುವ ಹಸಿರುಮನೆ ಅನಿಲಗಳು ಜಗತ್ತಿನ ಒಟ್ಟು ಹೊರಸೂಸುವಿಕೆಯ ಶೇ. 8ರಿಂದ 10 ಎಂದು ಅಂದಾಜಿದೆ.

ಇಷ್ಟು ದೊಡ್ಡ ರಾಶಿಯನ್ನು ಕಿಣ್ವಗಳು ಕರಗಿಸಿಬಿಡುತ್ತವೆ ಎಂಬ ಉತ್ಸಾಹದ ಬರಹಗಳಿಗೆ ಕೊರತೆಯಿಲ್ಲ. ಆದರೆ ಕಿಣ್ವದ ಕಣ್ಣಿಗೆ ‘ತ್ಯಾಜ್ಯ’ ಎಂಬ ವಸ್ತುವೇ ಇಲ್ಲ. ಪ್ರತಿಯೊಂದು ಕಿಣ್ವಕ್ಕೂ ಗೊತ್ತಿರುವುದು ಒಂದು ಬಗೆಯ ರಾಸಾಯನಿಕ ಬಂಧ, ಅದನ್ನು ಕತ್ತರಿಸುವ ಅಥವಾ ಕೂಡಿಸುವ ಕೆಲಸ. ಹೀಗಾಗಿ ಶೇಷವು ಒಂದೇ ಜಾತಿಯದಾಗಿ, ತಾಜಾ ಆಗಿ, ಒಂದೇ ಜಾಗದಲ್ಲಿ ಸಿಗುವ ಕಡೆ ಈ ತಂತ್ರಜ್ಞಾನ ಗೆದ್ದಿದೆ. ಹಾಲಿನ ಡೇರಿ, ಮೀನು ಸಂಸ್ಕರಣಾ ಘಟಕ, ಹಣ್ಣಿನ ರಸದ ಕಾರ್ಖಾನೆಗಳು ಇದಕ್ಕೆ ನಿದರ್ಶನ. ಎಲ್ಲಕ್ಕಿಂತ ಹೆಚ್ಚು ತ್ಯಾಜ್ಯ ಹುಟ್ಟುವ ಅಡುಗೆಮನೆಯ ಬುಟ್ಟಿಯಲ್ಲೇ ಅದರ ಸಾಧನೆ ಅತಿ ಕಡಿಮೆ.

ಕಿಣ್ವಗಳ ಹಿನ್ನೆಲೆ

ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಬೀಸಿದ ಹಿಟ್ಟಿನ ಗಂಜಿ ಸಾದಾ ರಾಗಿ ಗಂಜಿಗಿಂತ ತೆಳುವಾಗಿ, ತುಸು ಸಿಹಿಯಾಗಿ ಇರುತ್ತದೆ. ಮೊಳಕೆಯಲ್ಲಿ ಹುಟ್ಟಿದ ಅಮೈಲೇಸ್ ಕಿಣ್ವ ಪಿಷ್ಟದ ಉದ್ದನೆಯ ಸರಪಣಿಯನ್ನು ತುಂಡರಿಸಿರುವುದೇ ಇದಕ್ಕೆ ಕಾರಣ. ಇದೇ ಬಗೆಯ ಕಿಣ್ವವನ್ನು ಮೊಳಕೆ ಬಾರ್ಲಿಯಿಂದ ಬೇರ್ಪಡಿಸಿ ‘ಡಯಾಸ್ಟೇಸ್’ ಎಂದು ಹೆಸರಿಟ್ಟವರು ಫ್ರಾನ್ಸಿನ ಪೇಯೆನ್ ಮತ್ತು ಪೆರ್ಸೋ. ಅದು 1833ರ ಮಾತು. 1897ರಲ್ಲಿ ಜರ್ಮನಿಯ ಎಡುವರ್ಡ್ ಬೂಕ್ನರ್, ಜೀವಂತ ಕೋಶವಿಲ್ಲದ ಯೀಸ್ಟಿನ ರಸವೂ ಸಕ್ಕರೆಯನ್ನು ಹುದುಗಿಸುತ್ತದೆಂದು ತೋರಿಸಿದ. 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಯೂರಿಯೇಸನ್ನು ಹರಳುಗಟ್ಟಿಸಿ, ಕಿಣ್ವ ಎಂಬುದು ಪ್ರೋಟೀನೇ ಎಂದು ಸಾಧಿಸಿದ.

ಈ ಲೇಖನದ ವಿಷಯಕ್ಕೆ ಹೆಚ್ಚು ಹತ್ತಿರದ ಘಟನೆ ನಡೆದದ್ದು 1894ರಲ್ಲಿ. ಅಮೆರಿಕದಲ್ಲಿ ನೆಲೆಸಿದ್ದ ಜಪಾನಿನ ಜೋಕಿಚಿ ತಕಾಮಿನೆ, ಆಸ್ಪರ್ಜಿಲಸ್ ಒರೈಜೆ ಎಂಬ ಬೂಷ್ಟನ್ನು ಗೋಧಿಯ ತೌಡಿನ ಮೇಲೆ ಬೆಳೆಸಿ ಅಮೈಲೇಸ್ ತಯಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಸೂಕ್ಷ್ಮಜೀವಿಯಿಂದ ಕೈಗಾರಿಕಾ ಪ್ರಮಾಣದಲ್ಲಿ ತಯಾರಾದ ಮೊದಲ ಕಿಣ್ವಗಳಲ್ಲಿ ಒಂದಾದ ‘ಟಾಕಾಡಯಾಸ್ಟೇಸ್’, ಹೀಗೆ ಗಿರಣಿಯ ಶೇಷದ ಮೇಲೆಯೇ ಹುಟ್ಟಿತು. ತೇವಗೊಳಿಸಿದ ತೌಡಿನ ಮೇಲೆ ಬೂಷ್ಟು ಬೆಳೆಸುವ ಈ ಕ್ರಮಕ್ಕೆ ಘನಸ್ಥಿತಿ ಹುದುಗುವಿಕೆ ಎಂದು ಹೆಸರು. ದೊಡ್ಡ ತೊಟ್ಟಿಗಳಲ್ಲಿ ದ್ರವದೊಳಗೆ ಬೆಳೆಸುವ ಪದ್ಧತಿ ಬಂದಮೇಲೂ ಇದು ಮೂಲೆಗುಂಪಾಗಲಿಲ್ಲ.

ಸೆಲ್ಯುಲೋಸನ್ನು ಒಡೆಯುವ ಕಿಣ್ವಗಳ ಕಥೆ ಎರಡನೆಯ ಮಹಾಯುದ್ಧದ್ದು. ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನ್ಯದ ಹತ್ತಿಬಟ್ಟೆಯ ಡೇರೆಗಳು ಬೇಗ ಬೇಗ ಲಡ್ಡಾಗುತ್ತಿದ್ದವು. ಅಲ್ಲಿ ಸಿಕ್ಕ ಬೂಷ್ಟಿಗೆ ಮುಂದೆ, ಅದನ್ನು ಅಭ್ಯಸಿಸಿದ ಎಲ್ವಿನ್ ರೀಸ್ ಅವರ ಗೌರವಾರ್ಥ, ಟ್ರೈಕೋಡರ್ಮ ರೀಸಿಯೈ ಎಂಬ ಹೆಸರಾಯಿತು. ಇಂದು ಸಿಪ್ಪೆ, ಹೊಟ್ಟು, ಹುಲ್ಲನ್ನು ಸಕ್ಕರೆಯಾಗಿಸಲು ಬಳಸುವ ಸೆಲ್ಯುಲೇಸ್‌ಗಳ ಬಹುಪಾಲು ಇದರ ಸಂತತಿಯಿಂದ ಬರುತ್ತದೆ. 2010ರಲ್ಲಿ ನಾರ್ವೆಯ ಸಂಶೋಧಕರು ಸೀಗಡಿ ಚಿಪ್ಪಿನ ನಾರಾದ ಕೈಟಿನ್ ಮೇಲೆ ಕೆಲಸ ಮಾಡುವ ಒಂದು ಬ್ಯಾಕ್ಟೀರಿಯದ ಪ್ರೋಟೀನಿನಲ್ಲಿ, ಹರಳಿನಂತೆ ಗಟ್ಟಿಯಾದ ನಾರನ್ನು ಉತ್ಕರ್ಷಣೆಯಿಂದ ಸೀಳುವ ಹೊಸ ಬಗೆಯ ಕಿಣ್ವವನ್ನು ಗುರುತಿಸಿದರು. ಅದೇ ಕುಲದ ಕಿಣ್ವಗಳು ಸೆಲ್ಯುಲೋಸನ್ನೂ ಸೀಳುತ್ತವೆಂದು ತಿಳಿದ ಮೇಲೆ ಮಾರುಕಟ್ಟೆಯ ಸೆಲ್ಯುಲೇಸ್ ಮಿಶ್ರಣಗಳಲ್ಲಿ ಅವೂ ಸೇರಿದವು.

ಹಾಲೊಡಕು

ಈ ಕ್ಷೇತ್ರದಲ್ಲಿ ಎಲ್ಲಕ್ಕಿಂತ ಹಳೆಯ, ನಿಶ್ಚಿತ ಯಶಸ್ಸು ಹಾಲೊಡಕಿನದು. ಒಂದು ಕಿಲೋ ಚೀಸ್ ಮಾಡಿದಾಗ ಸುಮಾರು 9 ಲೀಟರ್ ಹಾಲೊಡಕು ಉಳಿಯುತ್ತದೆ. ಅದರಲ್ಲಿ ಶೇ. 4.5ರಿಂದ 5 ಲ್ಯಾಕ್ಟೋಸ್, ಶೇ. 1ಕ್ಕೂ ಕಡಿಮೆ ಪ್ರೋಟೀನ್, ಉಳಿದದ್ದು ನೀರು ಮತ್ತು ಲವಣ. ನೋಡಲು ನಿರುಪದ್ರವಿಯಾದ ಈ ತಿಳಿ ಹಳದಿ ನೀರನ್ನು ಹಳ್ಳಕ್ಕೆ ಬಿಟ್ಟರೆ ಅದು ಚರಂಡಿ ನೀರಿಗಿಂತ ಸುಮಾರು ನೂರು ಪಟ್ಟು ಕೆಟ್ಟದ್ದು. ಒಂದು ಲೀಟರ್ ಹಾಲೊಡಕಿನ ಜೈವಿಕ ಆಮ್ಲಜನಕ ಬೇಡಿಕೆ 30,000 ಮಿಲಿಗ್ರಾಮಿಗೂ ಹೆಚ್ಚು. ಮನೆಗಳ ಕೊಳಚೆ ನೀರಿನದು ಕೆಲವು ನೂರು ಮಿಲಿಗ್ರಾಂ ಮಾತ್ರ. ಬ್ಯಾಕ್ಟೀರಿಯಗಳು ಸಕ್ಕರೆಯನ್ನು ತಿಂದು ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ, ಮೀನು ಸಾಯುತ್ತದೆ.

ಲ್ಯಾಕ್ಟೇಸ್ ಎಂದು ರೂಢಿಯಲ್ಲಿರುವ ಬೀಟಾ-ಗ್ಯಾಲಕ್ಟೊಸೈಡೇಸ್ ಕಿಣ್ವ ಲ್ಯಾಕ್ಟೋಸನ್ನು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್‌ಗಳಾಗಿ ಒಡೆಯುತ್ತದೆ. ಸಿಹಿ ಕಡಿಮೆಯಿರುವ, ಬೇಗ ಹರಳುಗಟ್ಟುವ ಸಕ್ಕರೆ ಇದರಿಂದ ಮಿಠಾಯಿ, ಐಸ್‌ಕ್ರೀಮುಗಳಿಗೆ ಒದಗುವ ಸಿಹಿ ಪಾಕವಾಗುತ್ತದೆ. ಯಾವ ಜೀವಿಯಿಂದ ಬಂದ ಲ್ಯಾಕ್ಟೇಸ್ ಎಂಬುದು ಇಲ್ಲಿ ಮುಖ್ಯ. ಕ್ಲೂವೆರೊಮೈಸಿಸ್ ಯೀಸ್ಟಿನ ಕಿಣ್ವ ಹೆಚ್ಚುಕಡಿಮೆ ತಟಸ್ಥ ದ್ರವದಲ್ಲಿ ಚುರುಕಾಗಿರುವುದರಿಂದ, ಹಾಲನ್ನು ಹೆಪ್ಪುಗಟ್ಟಿಸುವ ರೆನ್ನೆಟ್ ಹಾಕಿ ಚೀಸ್ ಮಾಡಿದಾಗ ಸಿಗುವ ಸಿಹಿ ಹಾಲೊಡಕಿಗೆ ಅದೇ ಸರಿ. ನಿಂಬೆಹುಳಿ ಹಿಂಡಿ ಪನೀರ್ ಮಾಡಿದಾಗ ಉಳಿಯುವ ಹುಳಿ ನೀರಿಗೆ ಆಸ್ಪರ್ಜಿಲಸ್ ಬೂಷ್ಟಿನ, ಆಮ್ಲ ತಡೆಯುವ ಲ್ಯಾಕ್ಟೇಸ್ ಬೇಕು. ಭಾರತದ ಡೇರಿಗಳಲ್ಲಿ ಪನೀರಿನ ಪಾಲು ದೊಡ್ಡದಾದ್ದರಿಂದ ಐರೋಪ್ಯ ವಿಧಾನಗಳನ್ನು ಹಾಗೆಯೇ ಎತ್ತಿ ತಂದರೆ ನಡೆಯುವುದಿಲ್ಲ.

ಲ್ಯಾಕ್ಟೋಸ್ ದಟ್ಟವಾಗಿರುವ ದ್ರವದಲ್ಲಿ ಇದೇ ಕಿಣ್ವ ತಿರುವುಮುರುವು ಕೆಲಸ ಮಾಡುತ್ತದೆ. ಕತ್ತರಿಸಿದ ಗ್ಯಾಲಕ್ಟೋಸನ್ನು ನೀರಿಗೆ ಒಪ್ಪಿಸುವ ಬದಲು ಇನ್ನೊಂದು ಸಕ್ಕರೆಗೆ ಅಂಟಿಸುತ್ತದೆ. ಹೀಗೆ ಹುಟ್ಟುವ ಗ್ಯಾಲಕ್ಟೊ-ಆಲಿಗೊಸ್ಯಾಕರೈಡ್‌ಗಳು ಶಿಶು ಆಹಾರದಲ್ಲಿ ಸೇರುತ್ತವೆ; ಕರುಳಿನ ಒಳ್ಳೆಯ ಬ್ಯಾಕ್ಟೀರಿಯಗಳಿಗೆ ಅವು ಆಹಾರ. ಎಸೆಯುತ್ತಿದ್ದ ನೀರು ಹಾಲಿಗಿಂತ ಬೆಲೆಬಾಳುವ ಪದಾರ್ಥವಾದ ಅಪರೂಪದ ಉದಾಹರಣೆ ಇದು. ಐರ್ಲೆಂಡಿನ ಕಾರ್ಕ್ ಸೀಮೆಯ ಕಾರ್ಬರಿ ಸಂಸ್ಥೆ ಬೇರೆ ದಾರಿ ಹಿಡಿದು 1978ರಿಂದ ಹಾಲೊಡಕನ್ನು ಯೀಸ್ಟಿನಿಂದ ಹುದುಗಿಸಿ ಆಲ್ಕೊಹಾಲ್ ತಯಾರಿಸುತ್ತ ಬಂದಿದೆ. ಸಾಮಾನ್ಯ ಬ್ರೆಡ್ ಯೀಸ್ಟಿಗೆ ಲ್ಯಾಕ್ಟೋಸ್ ದಕ್ಕುವುದಿಲ್ಲ, ಅದನ್ನು ಒಡೆಯುವ ಕಿಣ್ವ ತನ್ನೊಳಗೇ ಇರುವ ಯೀಸ್ಟು ಬೇಕಾಗುತ್ತದೆ.

ಮೀನು ಮತ್ತು ಸೀಗಡಿ

ಮೀನಿನ ತಲೆ, ಮೂಳೆ, ಕರುಳುಗಳನ್ನು ಬೇಯಿಸಿ, ಹಿಂಡಿ, ಒಣಗಿಸಿ ಮೀನುಹಿಟ್ಟು ಮಾಡುವುದು ಹಳೆಯ ಕ್ರಮ. ಮಂಗಳೂರು, ಮಲ್ಪೆಯ ಕರಾವಳಿಯಲ್ಲಿ ಇದರ ವಾಸನೆ ಪರಿಚಿತ. ಕಿಣ್ವದ ಕ್ರಮದಲ್ಲಿ ಇದೇ ಶೇಷವನ್ನು ಅರೆದು, ನೀರು ಬೆರೆಸಿ, 55ರಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಮಾಡಿ, ಪ್ರೋಟೀನನ್ನು ಕತ್ತರಿಸುವ ಪ್ರೋಟಿಯೇಸ್ ಹಾಕುತ್ತಾರೆ. ಹೆಚ್ಚು ಬಳಕೆಯಲ್ಲಿರುವುದು ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಬ್ಯಾಕ್ಟೀರಿಯದ ಸಬ್ಟಿಲಿಸಿನ್. ಬಟ್ಟೆ ತೊಳೆಯುವ ಪುಡಿಯಲ್ಲಿ ಕಲೆ ತೆಗೆಯುವುದೂ ಇದೇ ಕುಟುಂಬದ ಕಿಣ್ವ. ಕೆಲವು ಗಂಟೆಗಳ ನಂತರ ಕಾಯಿಸಿ ಕಿಣ್ವವನ್ನು ಕೊಂದು, ದ್ರವವನ್ನು ವೇಗವಾಗಿ ತಿರುಗಿಸಿದರೆ ಮೇಲೆ ಎಣ್ಣೆ, ನಡುವೆ ಕರಗಿದ ಪ್ರೋಟೀನು, ಕೆಳಗೆ ಮೂಳೆಯ ಗಸಿ ಬೇರೆಬೇರೆಯಾಗುತ್ತವೆ.

ಇಲ್ಲಿ ಕಾಲವೇ ಕೈಚಳಕ. ತುಂಬಾ ಹೊತ್ತು ಬಿಟ್ಟರೆ ಜಲವಿರೋಧಿ ಅಮೈನೊ ಆಮ್ಲಗಳುಳ್ಳ ಚಿಕ್ಕ ಪೆಪ್ಟೈಡುಗಳು ಹೊರಬಿದ್ದು ಇಡೀ ದ್ರವ ಕಹಿಯಾಗುತ್ತದೆ. ಪೆಪ್ಟೈಡಿನ ತುದಿಯಿಂದ ಒಂದೊಂದೇ ಅಮೈನೊ ಆಮ್ಲ ಕಡಿಯುವ ಎರಡನೆಯ ಕಿಣ್ವ ಹಾಕಿ ಕಹಿ ಇಳಿಸಬಹುದಾದರೂ ಖರ್ಚು ಏರುತ್ತದೆ. ಅದಕ್ಕೇ ಇಂಥ ಉತ್ಪನ್ನದ ದೊಡ್ಡ ಪಾಲು ಮನುಷ್ಯರ ತಟ್ಟೆಗಿಂತ ಸಾಕುಪ್ರಾಣಿಗಳ, ಸಾಕುಮೀನುಗಳ ಆಹಾರಕ್ಕೆ ಹೋಗುವುದು. ಬಂಡವಾಳವಿಲ್ಲದ ಕಡೆ ಇನ್ನೂ ಸರಳವಾದ ಉಪಾಯವಿದೆ: ಅರೆದ ಮೀನಿಗೆ ಸ್ವಲ್ಪ ಫಾರ್ಮಿಕ್ ಆಮ್ಲ ಬೆರೆಸಿಟ್ಟರೆ ಕೊಳೆಯುವುದು ನಿಂತು, ಮೀನಿನ ಕರುಳಿನದೇ ಕಿಣ್ವಗಳು ಮಾಂಸವನ್ನು ಕರಗಿಸುತ್ತವೆ. ಸೈಲೇಜ್ ಎಂಬ ಈ ಪದ್ಧತಿಯನ್ನು ನಾರ್ವೆ ತನ್ನ ಸಾಲ್ಮನ್ ಉದ್ಯಮದಲ್ಲಿ ವ್ಯಾಪಕವಾಗಿ ಬಳಸುತ್ತದೆ.

ಸೀಗಡಿಯ ವಿಚಾರ ಅಷ್ಟು ಸಲೀಸಲ್ಲ. ತೂಕದ ಅರ್ಧಕ್ಕೆ ಹತ್ತಿರ ತಲೆ ಮತ್ತು ಚಿಪ್ಪು. ಅದರಲ್ಲಿ ಕೈಟಿನ್ ಎಂಬ ನಾರು, ಪ್ರೋಟೀನು ಮತ್ತು ಸುಣ್ಣ ಒಂದರೊಳಗೊಂದು ಹೆಣೆದುಕೊಂಡಿವೆ. ಕಾರ್ಖಾನೆಗಳು ಸುಣ್ಣವನ್ನು ಹೈಡ್ರೊಕ್ಲೋರಿಕ್ ಆಮ್ಲದಿಂದಲೂ ಪ್ರೋಟೀನನ್ನು ಕಾಸ್ಟಿಕ್ ಸೋಡಾದಿಂದಲೂ ತೆಗೆಯುತ್ತವೆ. ಪ್ರೋಟೀನೆಲ್ಲ ಕ್ಷಾರದ ಕೊಳಚೆಯಾಗಿ ಹರಿದುಹೋಗುತ್ತದೆ. ಪ್ರೋಟಿಯೇಸ್ ಬಳಸಿದರೆ ಆ ಪ್ರೋಟೀನು, ಜೊತೆಗೆ ಸೀಗಡಿಗೆ ಕೆಂಪು ಬಣ್ಣ ಕೊಡುವ ಅಸ್ಟಾಕ್ಸಾಂಥಿನ್, ಎರಡೂ ಕೈಗೆ ಸಿಗುತ್ತವೆ. ಆದರೆ ಕೈಟಿನ್ನಿಗೆ ಅಂಟಿಕೊಂಡ ಕೊನೆಯ ಪಾಲು ಪ್ರೋಟೀನನ್ನು ಕಿಣ್ವ ಮುಟ್ಟಲಾರದು. ಕೈಟಿನ್ನಿಂದ ಕೈಟೊಸಾನ್ ಮಾಡುವಲ್ಲಿಯೂ ಹೀಗೆಯೇ. ಕೈಟಿನ್ ಡಿಅಸೆಟಿಲೇಸ್ ಎಂಬ ಕಿಣ್ವ ಪ್ರಯೋಗಾಲಯದಲ್ಲಿ ಸೊಗಸಾಗಿ ಕೆಲಸ ಮಾಡಿದರೂ ಹರಳುಗಟ್ಟಿದ ಕೈಟಿನ್ ಎದುರು ಸೋಲುತ್ತದೆ. ಹೀಗಾಗಿ ಗಾಯದ ಪಟ್ಟಿ, ನೀರು ಶುದ್ಧೀಕರಣಗಳಿಗೆ ಮಾರಾಟವಾಗುವ ಕೈಟೊಸಾನ್ ಈಗಲೂ ಬಿಸಿ ಸಾಂದ್ರ ಕ್ಷಾರದಲ್ಲೇ ತಯಾರಾಗುತ್ತದೆ. ‘ಹಸಿರು’ ಎಂಬ ಹಣೆಪಟ್ಟಿ ಹೊತ್ತ ಅನೇಕ ಉತ್ಪನ್ನಗಳ ಹಿಂದೆ ಹೀಗೆ ಅರ್ಧ ಕಿಣ್ವ, ಅರ್ಧ ಆಮ್ಲ-ಕ್ಷಾರ ಇರುತ್ತವೆ.

ಪಿಷ್ಟ, ಸಿಪ್ಪೆ, ಎಣ್ಣೆ

ಹಸಿ ಪಿಷ್ಟದ ಕಣಗಳನ್ನು ಕಿಣ್ವಗಳು ಬಹಳ ನಿಧಾನವಾಗಿ ಕೊರೆಯುತ್ತವೆ. ಬೆಂದ ಪಿಷ್ಟವನ್ನು ಬೇಗ ಕರಗಿಸುತ್ತವೆ. ಬ್ರೆಡ್ಡು ಈಗಾಗಲೇ ಬೆಂದಿದೆ, ಅದರ ಶಾಖದ ಖರ್ಚನ್ನು ಬೇಕರಿಯವನೇ ತೆತ್ತಿದ್ದಾನೆ. ಆಲ್ಫ ಅಮೈಲೇಸ್ ಸರಪಣಿಯನ್ನು ನಡುನಡುವೆ ತುಂಡರಿಸುತ್ತದೆ, ಗ್ಲೂಕೊಅಮೈಲೇಸ್ ತುದಿಯಿಂದ ಒಂದೊಂದೇ ಗ್ಲೂಕೋಸ್ ಬಿಡಿಸುತ್ತದೆ, ಆಮೇಲಿನದು ಯೀಸ್ಟಿನ ಕೆಲಸ. ಫಿನ್ಲೆಂಡಿನ ಎಸ್‌ಟಿ1 ಕಂಪನಿ 2007ರಿಂದ ಬೇಕರಿ ಶೇಷದಿಂದ ವಾಹನಗಳಿಗೆ ಎಥನಾಲ್ ಮಾಡಲು ಶುರುಮಾಡಿತು. ಲಂಡನ್ನಿನಲ್ಲಿ ಟ್ರಿಸ್ಟ್ರಮ್ ಸ್ಟೂವರ್ಟ್ 2015ರಲ್ಲಿ ಆರಂಭಿಸಿದ ಟೋಸ್ಟ್ ಏಲ್, ಬಾರ್ಲಿಯ ಒಂದು ಪಾಲಿನ ಬದಲು ಉಳಿದ ಬ್ರೆಡ್ಡು ಹಾಕಿ ಬಿಯರ್ ತಯಾರಿಸಿತು. ಇಲ್ಲಿ ಹೊರಗಿನ ಕಿಣ್ವವೂ ಬೇಡ, ಬಾರ್ಲಿಯ ಮೊಳಕೆಯದೇ ಸಾಕು. ಹಾಂಗ್‌ಕಾಂಗ್‌ನ ಸಿಟಿ ವಿಶ್ವವಿದ್ಯಾಲಯದ ಕೆರೋಲ್ ಲಿನ್ ಅವರ ತಂಡ 2012ರಲ್ಲಿ ಸ್ಟಾರ್‌ಬಕ್ಸ್ ಅಂಗಡಿಗಳ ಬೇಕರಿ ಶೇಷದಿಂದ, ಪ್ಲಾಸ್ಟಿಕ್ ತಯಾರಿಗೆ ಮೂಲವಾಗಬಲ್ಲ ಸಕ್ಸಿನಿಕ್ ಆಮ್ಲ ಪಡೆದು ಸುದ್ದಿಯಾಯಿತು. ಅನ್ನಕ್ಕೂ ಇದೇ ನ್ಯಾಯ, ಆದರೆ ಒಂದು ತೊಡಕಿದೆ. ತಣ್ಣಗಾದ ತಂಗಳನ್ನದಲ್ಲಿ ಪಿಷ್ಟ ಮತ್ತೆ ಹರಳುಗಟ್ಟಿ ಕಿಣ್ವಕ್ಕೆ ಮೊಂಡಾಗುತ್ತದೆ.

ಹಣ್ಣು, ತರಕಾರಿ ಸಿಪ್ಪೆಗಳಲ್ಲಿ ಕಿಣ್ವ ಬೇರೆ ಬಗೆಯಲ್ಲಿ ಒದಗುತ್ತದೆ. ಪೆಕ್ಟಿನೇಸ್ ಮತ್ತು ಸೆಲ್ಯುಲೇಸ್ ಕೋಶದ ಗೋಡೆಯನ್ನು ಸಡಿಲಗೊಳಿಸಿ ಒಳಗಿನ ಎಣ್ಣೆ, ಬಣ್ಣ, ರಸವನ್ನು ಬಿಡಿಸುತ್ತವೆ. ಟೊಮೆಟೊ ಸಿಪ್ಪೆಯಲ್ಲಿ ತಿರುಳಿಗಿಂತ ಹಲವು ಪಟ್ಟು ಹೆಚ್ಚು ಲೈಕೊಪೀನ್ ಇದ್ದು, ಮೊದಲು ಕಿಣ್ವ ಹಾಕಿ ಆಮೇಲೆ ದ್ರಾವಕ ಬಳಸಿದರೆ ಇಳುವರಿ ಏರುತ್ತದೆ. ಇದನ್ನು ಓದಿದವರಿಗೆ ಕೋಲಾರದ ನೆನಪಾಗುವುದು ಸಹಜ. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದಾದ ಅಲ್ಲಿ ಬೆಲೆ ಕುಸಿದಾಗ ರೈತರು ಹಣ್ಣನ್ನು ರಸ್ತೆಗೆ ಸುರಿಯುವುದುಂಟು. ಆದರೆ ಲೈಕೊಪೀನ್ ತೆಗೆಯುವವರಿಗೆ ಬೇಕಿರುವುದು ಸಾಸ್ ಕಾರ್ಖಾನೆ ಹಿಂಡಿ ಉಳಿಸಿದ ಸಿಪ್ಪೆ. ಶೇ. 94ರಷ್ಟು ನೀರಿರುವ ಇಡೀ ಹಣ್ಣನ್ನು ವರ್ಷದ ಕೆಲವು ವಾರಗಳ ಮಟ್ಟಿಗೆ ಲಾರಿಯಲ್ಲಿ ಹೊತ್ತು ತರುವುದು ಯಾರಿಗೂ ಗಿಟ್ಟುವುದಿಲ್ಲ. ಅದು ಬೆಲೆಯ, ಶೈತ್ಯಾಗಾರದ ಸಮಸ್ಯೆ, ಕಿಣ್ವದ್ದಲ್ಲ.

ಕೆಲವು ಶೇಷಗಳು ಕಿಣ್ವದ ಗಣಿಯೂ ಹೌದು. ಅನಾನಸ್ ಗಿಡದ ಕಾಂಡ, ಹಣ್ಣಿನ ಸಿಪ್ಪೆ ಮತ್ತು ದಿಂಡಿನಲ್ಲಿ ಬ್ರೊಮೆಲೇನ್ ಎಂಬ ಪ್ರೋಟಿಯೇಸ್ ಇದೆ. ಮಾರುಕಟ್ಟೆಯಲ್ಲಿ ಸಿಗುವುದು ಹೆಚ್ಚಾಗಿ ಕಾಂಡದ್ದು. ಅನಾನಸ್ ಬೆಳೆಯುವ ಬನವಾಸಿಯಂಥ ಸೀಮೆಗೆ ಇದು ಯೋಚಿಸತಕ್ಕ ದಾರಿ. ಕಿಣ್ವವೇ ಶತ್ರುವಾಗುವ ಉದಾಹರಣೆಯೂ ಉಂಟು. ಭತ್ತ ಗಿರಣಿಯಲ್ಲಿ ಪಾಲಿಶ್ ಆದ ಕ್ಷಣದಿಂದ ತೌಡಿನೊಳಗಿನ ಲೈಪೇಸ್ ಅದರ ಎಣ್ಣೆಯನ್ನು ಒಡೆಯಲು ಆರಂಭಿಸುತ್ತದೆ. ಹಬೆ ಕೊಟ್ಟು ಬೇಗನೆ ಅದನ್ನು ತಡೆಯದಿದ್ದರೆ ತೌಡೆಣ್ಣೆ ಅಡುಗೆಗೆ ಸಲ್ಲದು.

ಅದೇ ಲೈಪೇಸ್ ಕರಿದ ಎಣ್ಣೆಯಲ್ಲಿ ಮಿತ್ರ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಮುಕ್ತ ಮೇದಾಮ್ಲಗಳು ಹೆಚ್ಚಿರುತ್ತವೆ. ಕ್ಷಾರ ಬಳಸಿ ಡೀಸೆಲ್ ಮಾಡಹೊರಟರೆ ಅವು ಸೋಪಾಗಿ ಕೆಲಸ ಕೆಡಿಸುತ್ತವೆ. ಲೈಪೇಸ್ ಎಣ್ಣೆಯನ್ನೂ ಈ ಆಮ್ಲಗಳನ್ನೂ ಒಟ್ಟಿಗೆ ಮೆಥನಾಲಿಗೆ ಜೋಡಿಸಿ ಜೈವಿಕ ಡೀಸೆಲ್ ಮಾಡುತ್ತದೆ. ಮೆಥನಾಲ್ ಹೆಚ್ಚಾದರೆ ಕಿಣ್ವವೇ ಕೆಡುವುದರಿಂದ ಅದನ್ನು ಕಂತುಕಂತಾಗಿ ಸೇರಿಸಬೇಕು. ಭಾರತದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈ 1ರಿಂದ, ಒಟ್ಟು ಧ್ರುವೀಯ ಸಂಯುಕ್ತಗಳು ಶೇ. 25 ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸಬಾರದೆಂದು ನಿಯಮ ಮಾಡಿತು. ಅಂಥ ಎಣ್ಣೆಯನ್ನು ಸಂಗ್ರಹಿಸಿ ಡೀಸೆಲಿಗೆ ಕಳಿಸುವ ‘ರೂಕೊ’ ಕಾರ್ಯಕ್ರಮವೂ ಅದೇ ವರ್ಷ ಬಂತು. ಇಲ್ಲಿ ಕಷ್ಟ ಇರುವುದು ತಂತ್ರದಲ್ಲಲ್ಲ. ದೊಡ್ಡ ಹೋಟೆಲಿನ ಎಣ್ಣೆಯನ್ನು ಚಿಕ್ಕ ಬಂಡಿಯವರು ಕೊಳ್ಳಲು ಕಾದಿರುವಾಗ ಅದು ಡೀಸೆಲ್ ಘಟಕದವರೆಗೆ ಬರುವುದೇ ಕಷ್ಟ.

ಬೆರಕೆ ಕಸ ಮತ್ತು ಲೆಕ್ಕಾಚಾರ

ಮನೆಗಳ ಬೆರಕೆ ಕಸವನ್ನೇ ಕಿಣ್ವಕ್ಕೆ ಒಡ್ಡುವ ದೊಡ್ಡ ಸಾಹಸವನ್ನು ಡೆನ್ಮಾರ್ಕಿನ ವಿದ್ಯುತ್ ಕಂಪನಿ ಆರ್‌ಸ್ಟೆಡ್ ಮಾಡಿತು. ಇಂಗ್ಲೆಂಡಿನ ನಾರ್ತ್‌ವಿಚ್‌ನಲ್ಲಿ ವರ್ಷಕ್ಕೆ 1,20,000 ಟನ್ ಕಸದ ಗುರಿಯಿಟ್ಟು ‘ರೆನೆಸೈನ್ಸ್’ ಘಟಕ ಕಟ್ಟಿತು. ಬೇರ್ಪಡಿಸದ ಕಸವನ್ನು ಬೆಚ್ಚನೆಯ ನೀರು, ಕಿಣ್ವಗಳೊಂದಿಗೆ ತಿರುಗಿಸಿ ಆಹಾರದ ಭಾಗವನ್ನು ಕರಗಿಸಿ ಅನಿಲ ಮಾಡುವುದು, ಉಳಿದ ಪ್ಲಾಸ್ಟಿಕ್ಕು, ಲೋಹವನ್ನು ಆರಿಸುವುದು ಅದರ ಉಪಾಯ. ಕಿಣ್ವ ತನ್ನ ಕೆಲಸ ಮಾಡಿತು. ಘಟಕ ತಡವರಿಸಿದ್ದು ಯಂತ್ರಗಳಲ್ಲಿ, ವಿಂಗಡಣೆಯಲ್ಲಿ. 2005ರಲ್ಲಿ ಆಹಾರ ತ್ಯಾಜ್ಯವನ್ನು ನೆಲಭರ್ತಿಗೆ ಹಾಕುವುದನ್ನೇ ನಿಷೇಧಿಸಿ, ಮನೆಮನೆಯಲ್ಲೂ ಬೇರೆ ತೆಗೆದಿಡುವಂತೆ ಮಾಡಿದ ದಕ್ಷಿಣ ಕೊರಿಯದ ದಾರಿ ಇದಕ್ಕೆ ವಿರುದ್ಧವಾದದ್ದು. ಬಹುಪಾಲು ತ್ಯಾಜ್ಯ ಅಲ್ಲಿ ಗೊಬ್ಬರ, ಮೇವು, ಅನಿಲವಾಗುತ್ತದೆ.

ಕಿಣ್ವದ ಖರ್ಚು ಎಲ್ಲ ಕಡೆ ಒಂದೇ ಅಲ್ಲ. ಒಂದು ಟನ್ ಪಿಷ್ಟವನ್ನು ದ್ರವವಾಗಿಸಲು ಒಂದು ಕಿಲೋಗಿಂತ ಕಡಿಮೆ ಅಮೈಲೇಸ್ ಸಾಕು. ಸೆಲ್ಯುಲೋಸಿಗಾದರೋ ಅದರ ಹತ್ತಾರು ಪಟ್ಟು ಬೇಕು, ಮೊದಲು ಹಬೆ ಅಥವಾ ಆಮ್ಲದ ಉಪಚಾರವೂ ಆಗಬೇಕು. ಕಿಣ್ವವನ್ನು ಮಣಿಗಳಿಗೆ ಅಂಟಿಸಿ ಮತ್ತೆ ಮತ್ತೆ ಬಳಸುವ ಸ್ಥಿರೀಕರಣ ತಂತ್ರ 1969ರಲ್ಲಿ ಜಪಾನಿನ ತನಾಬೆ ಕಂಪನಿಯಲ್ಲಿ ಇಚಿರೊ ಚಿಬಾತ ಅವರ ಕೈಯಲ್ಲಿ ಕೈಗಾರಿಕೆಗೆ ಇಳಿಯಿತು. ಹಾಲೊಡಕಿನಂಥ ತಿಳಿ ದ್ರವಕ್ಕೆ ಅದು ಹೊಂದುತ್ತದೆ. ಅರೆದ ಸಿಪ್ಪೆಯ ಗಸಿಯಲ್ಲಿ ಮಣಿಗಳು ಕಟ್ಟಿಕೊಳ್ಳುತ್ತವೆ. ಪರಿಸರದ ಲೆಕ್ಕ ಹಾಕುವಾಗ ಹೆಚ್ಚಿನವರು ಮರೆಯುವುದು ನೀರನ್ನು. ಕಿಣ್ವ ದುಡಿಯುವುದು ನೀರಿನಲ್ಲಿ, ಮಾರಾಟವಾಗುವುದು ಒಣ ಪುಡಿ. ನಡುವೆ ಆವಿ ಮಾಡುವ ಶಕ್ತಿಯ ಖರ್ಚು ಎಷ್ಟೋ ಸಲ ಉಳಿತಾಯವನ್ನೆಲ್ಲ ನುಂಗುತ್ತದೆ.

ಬೆಂಗಳೂರು, ಮೈಸೂರುಗಳ ಬಾಲ್ಕನಿಗಳಲ್ಲಿ ಈಚೆಗೆ ಕಾಣುವ ‘ಬಯೋಎಂಜೈಮ್’ ಬಾಟಲಿಗಳನ್ನು ಈ ಲೇಖನದಿಂದ ಹೊರಗಿಡುವಂತಿಲ್ಲ. ಥಾಯ್ಲೆಂಡಿನ ರೊಸುಕೊನ್ ಪೂಂಪನ್‌ವೊಂಗ್ ಪ್ರಚುರಪಡಿಸಿದ ಈ ಕ್ರಮದಲ್ಲಿ ಬೆಲ್ಲ 1 ಪಾಲು, ಸಿಪ್ಪೆ 3 ಪಾಲು, ನೀರು 10 ಪಾಲು ಬೆರೆಸಿ ಮೂರು ತಿಂಗಳು ಬಿಡುತ್ತಾರೆ. ತಯಾರಾಗುವುದು ಮುಖ್ಯವಾಗಿ ವಿನೆಗರಿನಂಥ ಹುಳಿ ದ್ರವ. ನೆಲ, ಸಿಂಕು ಶುಚಿಯಾಗುವುದು ಬಹುಮಟ್ಟಿಗೆ ಆ ಆಮ್ಲದಿಂದ. ಅಷ್ಟು ಹುಳಿಯಲ್ಲಿ ತಿಂಗಳುಗಟ್ಟಲೆ ಕಳೆದ ಮೇಲೆ ಚುರುಕಾಗಿ ಉಳಿಯುವ ಕಿಣ್ವ ಅಲ್ಪ. ಓಝೋನ್ ಹುಟ್ಟುತ್ತದೆ ಎಂಬ ಪ್ರಚಾರಕ್ಕೆ ರಸಾಯನಶಾಸ್ತ್ರದಲ್ಲಿ ಆಧಾರವಿಲ್ಲ. ಮನೆಯ ರಾಸಾಯನಿಕ ಕ್ಲೀನರ್ ಕಡಿಮೆಯಾಗುವುದು ನಿಜವಾದ ಲಾಭ. ಆದರೆ ಮೂರು ಕಿಲೋ ಸಿಪ್ಪೆ ಉಳಿಸಲು ಒಂದು ಕಿಲೋ ಬೆಲ್ಲ, ಎಂದರೆ ತಿನ್ನುವ ಪದಾರ್ಥವೇ, ಖರ್ಚಾಗುತ್ತದೆ ಎಂಬುದನ್ನೂ ಎಣಿಸಬೇಕು.

ಕರ್ನಾಟಕದಲ್ಲಿ

ಕಿಣ್ವದ ಉದ್ಯಮಕ್ಕೂ ಬೆಂಗಳೂರಿಗೂ ಹಳೆಯ ನಂಟು. ಕಿರಣ್ ಮಜುಂದಾರ್ ಷಾ 1978ರಲ್ಲಿ ಇಲ್ಲಿ ಸ್ಥಾಪಿಸಿದ ಬಯೋಕಾನ್ ಮೊದಲು ತಯಾರಿಸಿದ್ದು ಔಷಧವನ್ನಲ್ಲ. ಪಪ್ಪಾಯಿಯ ಹಾಲಿನಿಂದ ಪಪೈನ್ ಕಿಣ್ವವನ್ನು, ಮೀನಿನ ಗಾಳಿಚೀಲದಿಂದ ಬಿಯರ್ ತಿಳಿಗೊಳಿಸುವ ಐಸಿಂಗ್ಲಾಸನ್ನು. ಕಿಣ್ವ ವಿಭಾಗವನ್ನು ಅದು 2007ರಲ್ಲಿ ಡೆನ್ಮಾರ್ಕಿನ ನೊವೊಝೈಮ್ಸ್‌ಗೆ ಮಾರಿತು. 2024ರ ವಿಲೀನದ ನಂತರ ನೊವೊಝೈಮ್ಸ್‌ನ ಹೆಸರು ನೊವೊನೆಸಿಸ್. ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ), ತೌಡಿನ ಮೇಲೆ ಕಿಣ್ವ ಬೆಳೆಸುವ ಘನಸ್ಥಿತಿ ಹುದುಗುವಿಕೆಯ ಬಗ್ಗೆ ದಶಕಗಳ ಕಾಲ ಸಂಶೋಧನೆ ನಡೆಸಿದೆ.

ದೇಶದ ಕಾಫಿಯಲ್ಲಿ ಸುಮಾರು ಶೇ. 70 ಬೆಳೆಯುವ ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ ಹಣ್ಣಿನ ತೂಕದ ಶೇ. 40ರಷ್ಟು ಸಿಪ್ಪೆ-ತಿರುಳಾಗಿ ಉಳಿಯುತ್ತದೆ. ಪಲ್ಪಿಂಗ್ ಆದಮೇಲೆ ಬೀಜಕ್ಕೆ ಅಂಟಿರುವ ಲೋಳೆ ಪೆಕ್ಟಿನ್. ತೊಟ್ಟಿಯಲ್ಲಿ ಒಂದು ದಿನ ಹುದುಗಿಸುವ ಬದಲು ಪೆಕ್ಟಿನೇಸ್ ಹಾಕಿದರೆ ಕೆಲವೇ ಗಂಟೆಗಳಲ್ಲಿ ಬಿಡುತ್ತದೆ. ಸಮಯ ಉಳಿಯಿತು, ಆದರೆ ಕರಗಿದ ಲೋಳೆ ತೊಳೆದ ನೀರಿನ ಜೊತೆ ಹಳ್ಳಕ್ಕೇ ಹೋದರೆ ಹೊಳೆಗೆ ಏನೂ ವ್ಯತ್ಯಾಸವಾಗದು. ಆ ನೀರನ್ನು ಅನಿಲ ಘಟಕಕ್ಕೆ ತಿರುಗಿಸಿದಾಗ ಮಾತ್ರ ಕಿಣ್ವದಿಂದ ಪರಿಸರಕ್ಕೆ ಪ್ರಯೋಜನ.

ಬೆಂಗಳೂರಿನ ಪಬ್‌ಗಳು ತಾವೇ ಬಿಯರ್ ಕಾಸುವುದು ಹೆಚ್ಚಿದಂತೆ ಬಾರ್ಲಿಯ ಗಸಿಯೂ ಹೆಚ್ಚಿದೆ. 100 ಲೀಟರ್ ಬಿಯರಿಗೆ ಸುಮಾರು 20 ಕಿಲೋ ಹಸಿ ಗಸಿ ಉಳಿಯುತ್ತದೆ. ಒಣಗಿಸಿದರೆ ಅದರ ಐದನೆಯ ಒಂದು ಭಾಗಕ್ಕೂ ಹೆಚ್ಚು ಪ್ರೋಟೀನು. ಪ್ರೋಟಿಯೇಸ್ ಮತ್ತು ಕ್ಸೈಲನೇಸ್ ಹಾಕಿ ಪ್ರೋಟೀನನ್ನು, ನಾರನ್ನು ಬೇರ್ಪಡಿಸುವ ಕಾರ್ಖಾನೆಗಳು ಅಮೆರಿಕ, ಯೂರೋಪುಗಳ ದೊಡ್ಡ ಬ್ರೂವರಿಗಳ ಪಕ್ಕದಲ್ಲಿ ತಲೆಯೆತ್ತಿವೆ. ಸಣ್ಣ ಪಬ್ಬಿನ ಗಸಿಗೆ ಆ ದಾರಿ ದೂರ. ಮುಕ್ಕಾಲು ಪಾಲು ನೀರಿರುವ ಅದು ಬೇಸಿಗೆಯಲ್ಲಿ ಒಂದೆರಡು ದಿನಕ್ಕೆ ಹುಳಿಯುತ್ತದೆ. ಅಕ್ಕಿ ತೊಳೆದ ನೀರು, ಬಸಿದ ಗಂಜಿ, ತರಕಾರಿ ಸಿಪ್ಪೆಗಳೆಲ್ಲ ಕಲಗಚ್ಚಾಗಿ ಕೊಟ್ಟಿಗೆ ಸೇರುತ್ತಿದ್ದ ಕಾಲದಿಂದಲೂ ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಸೆಲ್ಯುಲೇಸ್, ಕ್ಸೈಲನೇಸ್‌ಗಳನ್ನು 39 ಡಿಗ್ರಿ ಶಾಖದಲ್ಲಿ, ಪುಕ್ಕಟೆಯಾಗಿ ತಯಾರಿಸುತ್ತ ಬಂದಿವೆ. ನಗರದ ಅಂಚಿನಲ್ಲಿ ಹಸು ಸಾಕುವವರು ಇರುವತನಕ ಗಸಿಯನ್ನು ಅಂದಂದೇ ಅವರಿಗೆ ಮುಟ್ಟಿಸುವುದಕ್ಕಿಂತ ಅಗ್ಗದ ಕಿಣ್ವ ಸಂಸ್ಕರಣೆ ಸದ್ಯಕ್ಕೆ ಇಲ್ಲ.